ಅಜ್ಜಿಗೆ ಒಪ್ಪಿಸಿದ ಪ್ರೋಗ್ರಾಂ

ನಮ್ಮ ಮನೆಯಲ್ಲಿ ಓದಿದ್ದನ್ನು ಯಾರಿಗಾದರೂ ಒಪ್ಪಿಸಬೇಕಿತ್ತು. ಓದಿದೆ ಅಂದರೆ ಸಾಲದು. ಪುಸ್ತಕ ಮುಚ್ಚಿಟ್ಟು, ಚಕ್ಕಳಮಕ್ಕಳ ಹಾಕಿ ಎದುರು ಕೂತು, ತಡವರಿಸದೆ ಹೇಳಬೇಕು. ಕೇಳಿದವರು ‘ಹೂಂ, ಏಳು’ ಅಂದ ಮೇಲೇನೇ ಆ ಪಾಠ ನಮ್ಮದಾಯಿತು ಅಂತ. ಅಜ್ಜಿ ತನ್ನ ಸೋದರತ್ತೆಗೆ ಹಾಗೆ ಒಪ್ಪಿಸಿದ್ದಳಂತೆ. ಅಪ್ಪ ಅಜ್ಜಿಗೆ ಒಪ್ಪಿಸಿದ್ದರು. ನಾನೂ ಅಜ್ಜಿಗೇ ಒಪ್ಪಿಸಿದೆ, ಎರಡನೇ ಕ್ಲಾಸಿನ ಮಗ್ಗಿ, ಏಳನೇ ಕ್ಲಾಸಿನ ಪದ್ಯ, ಹತ್ತನೇ ಕ್ಲಾಸಿನ ಪ್ರಮೇಯ. ಆಮೇಲೆ ಇಂಜಿನಿಯರಿಂಗ್ ಮೊದಲನೇ ವರ್ಷದ, ‘ಸಿ’ ಅನ್ನುವ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳನ್ನೂ ಒಪ್ಪಿಸಿದೆ.

ಇಷ್ಟು ಹೇಳುವಷ್ಟರಲ್ಲಿ ಕೇಳುವವರು ನಗಲು ಶುರುಮಾಡುತ್ತಾರೆ. ನಗಲಿ. ನಾನೂ ಇದನ್ನು ಅರ್ಧದವರೆಗೆ ನಗುತ್ತಲೇ ಹೇಳುತ್ತೇನೆ.

ಅಜ್ಜಿ ಶಾಲೆಗೆ ಹೋದದ್ದು ಎರಡು ವರ್ಷ. ಕನ್ನಡವನ್ನು ಬೆರಳಿಟ್ಟು ಓದುತ್ತಿದ್ದಳು, ಇಂಗ್ಲಿಷು ಒಂದಕ್ಷರವೂ ಬಾರದು. ಆದರೆ ಅವಳ ಕಿವಿ ಇತ್ತಲ್ಲ, ಅದು ಬೇರೆಯೇ. ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗೆ ಬಂದವಳು, ಎಡಗಡೆ ಮನೆಯವರಿಂದ ತಮಿಳು, ಹಿಂದಿನ ಸಾಲಿನವರಿಂದ ತೆಲುಗು, ಬರೀ ಕೇಳಿಯೇ ಕಲಿತಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರೆ ಮುಕ್ಕಾಲು ಗಂಟೆ ಪುಸ್ತಕವಿಲ್ಲದೆ ಹೇಳುತ್ತಿದ್ದಳು. ನಾನು ಒಳಗೆ ಹಲ್ಲುಜ್ಜುತ್ತಾ ಅದರಲ್ಲಿ ಒಂದು ಪದ ಹಿಂದುಮುಂದಾಗಿ ಗುನುಗಿದರೂ ಪೂಜೆ ನಿಲ್ಲಿಸಿ, ‘ಹಾಗಲ್ಲ’ ಅನ್ನುತ್ತಿದ್ದಳು. ದೇವರು ಕಾಯಬೇಕು, ಪದ ಕಾಯುವ ಹಾಗಿಲ್ಲ.

ನಾನು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ಪಿಯುಸಿಯಲ್ಲಿ ಹೇಗೋ ಇಂಗ್ಲಿಷಿಗೆ ಹೊಂದಿಕೊಂಡೆ, ಅಂದರೆ ಬಾಯಿಪಾಠ ಮಾಡಿದೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪನಿಗೆ ಮನಸ್ಸಿರಲಿಲ್ಲ. ‘ಇಲ್ಲೇ ಭದ್ರಾವತಿಯಲ್ಲೇ ಬಿಎಸ್ಸಿ ಸೇರ್ಕೋ, ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ಬೋದು’ ಅಂದರು. ನಾನು ಹಟ ಹಿಡಿದೆ. ಕೊನೆಗೆ ಅಪ್ಪ, ‘ಒಂದು ವರ್ಷ ನೋಡೋಣ. ಕೈಲಾಗ್ಲಿಲ್ಲ ಅಂದ್ರೆ ವಾಪಸ್ ಬಂದು ಇಲ್ಲೇ ಸೇರ್ಬೇಕು, ಆಮೇಲೆ ಮಾತಾಡೋ ಹಾಗಿಲ್ಲ’ ಅಂದರು. ಹೂಂ ಅಂದೆ. ಆಗ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಗಣಿತದಲ್ಲಿ ನಾನು ಪೆದ್ದಿಯೇನಲ್ಲ ಅಂದುಕೊಂಡಿದ್ದೆ. ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ ತಂದು, ಒಂದೊಂದು ಲೆಕ್ಕವನ್ನೂ ಮೊದಲಿಂದ ಕೊನೆವರೆಗೆ ಉರು ಹೊಡೆದೆ. ಮೊದಲನೇ ಕಿರುಪರೀಕ್ಷೆಯಲ್ಲಿ ಸೈನ್ ಇದ್ದಲ್ಲಿ ಕಾಸ್ ಕೊಟ್ಟಿದ್ದರು. ನಾನು ಸೈನ್‌ನ ಲೆಕ್ಕವನ್ನೇ ಒಂದು ಚುಕ್ಕೆಯೂ ತಪ್ಪದಂತೆ ಬರೆದು ಬಂದೆ. ಗಣಿತದ ಮೇಷ್ಟ್ರು ಉತ್ತರಪತ್ರಿಕೆ ಕೊಡುವಾಗ ನಗುತ್ತಾ ಹೇಳಿದರು:

‘ಅಕ್ಷರ ದುಂಡಗಿದೆಯಮ್ಮ. ಆದ್ರೆ ನಾನು ಕೇಳಿದ್ದು ತಂಗಿ ವಿಷಯ, ನೀನು ಬರೆದಿರೋದು ಅಕ್ಕನ ವಿಷಯ.’

ಕ್ಲಾಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂರುತ್ತಿದ್ದ ದುರ್ಗಿಗುಡಿಯ ಗೆಳತಿ ಮಾತ್ರ ನಗದೆ, ಬೆಂಚಿನ ಕೆಳಗೆ ನನ್ನ ಕೈ ಒತ್ತಿದಳು. ಅದು ಇನ್ನೂ ಕಷ್ಟವಾಯಿತು.

ಮೊದಲ ಸೆಮಿಸ್ಟರ್‌ನಲ್ಲಿ ಗಣಿತವೂ ಭೌತಶಾಸ್ತ್ರವೂ ಫೇಲಾಗಿ ಉಳಿದವು. ಎರಡನೆಯದರಲ್ಲಿ ಮತ್ತೆ ಗಣಿತ, ಜೊತೆಗೆ ಎಲೆಕ್ಟ್ರಿಕಲ್, ಎರಡೂ ಹೋಗುವುದು ಪರೀಕ್ಷೆಗೆ ಮುಂಚೆಯೇ ನನಗೆ ಖಾತ್ರಿಯಾಗಿತ್ತು. ನಾಲ್ಕು ಉಳಿಸಿಕೊಂಡರೂ ಎರಡನೇ ವರ್ಷಕ್ಕೆ ಬಿಡುತ್ತಿದ್ದರು. ಐದನೆಯದು ಉಳಿದರೆ ವರ್ಷ ಹೋಯಿತು. ವರ್ಷ ಹೋದರೆ ಅಪ್ಪನಿಗೆ ಕೊಟ್ಟ ಮಾತಿನ ಪ್ರಕಾರ ಇಂಜಿನಿಯರಿಂಗೇ ಹೋಯಿತು. ಹಾಗಾಗಿ ಎಲ್ಲವೂ ಕಂಪ್ಯೂಟರ್ ಲ್ಯಾಬಿನ ಮೇಲೆ ನಿಂತಿತು. ಅದು ಪ್ರಾಕ್ಟಿಕಲ್ ಪರೀಕ್ಷೆ. ಒಟ್ಟು ಹನ್ನೆರಡು ಪ್ರೋಗ್ರಾಂ. ಚೀಟಿಗಳನ್ನು ಮಗುಚಿ ಮೇಜಿನ ಮೇಲೆ ಹರಡಿಟ್ಟಿರುತ್ತಾರೆ, ಒಂದನ್ನು ಎತ್ತಬೇಕು. ಅದರಲ್ಲಿರುವ ಪ್ರೋಗ್ರಾಮನ್ನು ಮೊದಲು ಹಾಳೆಯಲ್ಲಿ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಓಡಿಸಿ ತೋರಿಸಬೇಕು. ಹನ್ನೆರಡೇ ಹನ್ನೆರಡು. ಬಾಯಿಪಾಠ ಮಾಡುವವಳಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇಕೇ?

ಪ್ರೋಗ್ರಾಂಗಳನ್ನು ನಾನು ಬರೆದುಕೊಂಡದ್ದು ಬಸ್ಸಿನಲ್ಲಿ. ಗೆಳತಿಯ ರೆಕಾರ್ಡ್ ಪುಸ್ತಕ ಇಸಕೊಂಡು, ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಮುಕ್ಕಾಲು ಗಂಟೆಯಲ್ಲಿ ತೊಡೆಯ ಮೇಲಿಟ್ಟುಕೊಂಡು ನಕಲು ಮಾಡುತ್ತಿದ್ದೆ. ರೋಡ್ ಹಂಪ್ ಬಂದಲ್ಲೆಲ್ಲ ಅಕ್ಷರಕ್ಕೊಂದು ಬಾಲ. ಮನೆಗೆ ಬಂದು ಕಾಫಿ ಕುಡಿದು, ಅದನ್ನೇ ಓದಿ ಓದಿ ಕಲಿತು, ದೀಪ ಹಚ್ಚಿದ ಮೇಲೆ ಅಜ್ಜಿಯ ಎದುರು ಕೂರುತ್ತಿದ್ದೆ. ಅಮ್ಮ ಸೊಸೈಟಿಯ ಕೆಲಸ ಮುಗಿಸಿ ಬರುವ ಹೊತ್ತಿಗೆ ಒಂದು ಪ್ರೋಗ್ರಾಂ ಮುಗಿದಿರುತ್ತಿತ್ತು.

ಅಜ್ಜಿ ಆ ಹೊತ್ತಿಗೆ ಹತ್ತಿ ಹಿಡಿದು ಹೂಬತ್ತಿ ಹೊಸೆಯುತ್ತಿದ್ದಳು. ನಾನು ಒಂದು ಸಾಲು ಹೇಳಿದರೆ ಅವಳು ಒಂದು ಬತ್ತಿ ಹೊಸೆದು ತಟ್ಟೆಗೆ ಹಾಕುವಳು. ‘ಇಂಟ್ ಮೇನ್, ಬ್ರಾಕೆಟ್ಟು, ಬ್ರಾಕೆಟ್ಟು ಮುಚ್ಚು’ ಅಂದರೆ ಒಂದು ಬತ್ತಿ. ‘ಹೂವಿನ ಬ್ರಾಕೆಟ್ಟು ತೆಗಿ’ ಅಂದರೆ ಇನ್ನೊಂದು. ಮೊದಲ ದಿನ ಸುಮ್ಮನೆ ಕೇಳಿದಳು. ಎರಡನೇ ದಿನ ಅಲ್ಲಲ್ಲಿ ತಲೆ ಆಡಿಸಿದಳು. ನಾಲ್ಕನೇ ದಿನ ನಾನು ಒಂದು ಕಡೆ ತಡೆದಾಗ ಬತ್ತಿಯಿಂದ ಕಣ್ಣೆತ್ತದೆ, ‘ಸೆಮಿಕೋಲನ್ನು’ ಅಂದಳು.

ನಾನು ಬಿದ್ದು ಬಿದ್ದು ನಕ್ಕೆ. ‘ಅಜ್ಜಿ, ಹಂಗಂದ್ರೆ ಏನಂತ ಗೊತ್ತಾ ನಿಂಗೆ?’

‘ಗೊತ್ತಿಲ್ಲ. ಆದ್ರೆ ಅಲ್ಲಿ ಅದು ಬರ್ತದೆ. ನಿನ್ನೆ ಬಂದಿತ್ತು, ಮೊನ್ನೆ ಬಂದಿತ್ತು. ಇವತ್ತು ಎಲ್ಲಿಗೆ ಹೋಗ್ತದೆ ಅದು?’

ಎಡಗಡೆ ಮನೆಯ ತಮಿಳು ಮಾಮಿ ಕಾಂಪೌಂಡಿನ ಮೇಲಿಂದ ಇಣುಕಿ, ‘ಏನಜ್ಜಿ, ಈ ವಯಸ್ಸಿನಲ್ಲಿ ಇಂಜಿನಿಯರಾ?’ ಅಂದರು.

‘ಆಗ್ಬಾರ್ದಾ? ನೀ ಫೀಸು ಕಟ್ಟು, ನಾ ಹೋಗ್ತೀನಿ’ ಅಂದಳು ಅಜ್ಜಿ. ಮಾಮಿ ನಗುತ್ತಾ ಒಳಗೆ ಹೋದರು. ಅಜ್ಜಿ ಮಾತ್ರ ನಗಲಿಲ್ಲ. ಅವಳಿಗೆ ಇದು ಆಟವಾಗಿರಲಿಲ್ಲ. ಐದನೆಯದು ಉಳಿದರೆ ಏನಾಗುತ್ತದೆ ಅಂತ ಅವಳಿಗೊಬ್ಬಳಿಗೇ ಹೇಳಿದ್ದೆ. ಅಪ್ಪನಿಗೆ ಹೇಳಬಾರದು ಅಂತ ಆಣೆಯನ್ನೂ ಹಾಕಿಸಿಕೊಂಡಿದ್ದೆ.

ಎರಡು ತಿಂಗಳಲ್ಲಿ ಹನ್ನೆರಡೂ ಪ್ರೋಗ್ರಾಂ ಅಜ್ಜಿಯ ಕಿವಿಗೆ ಸೇರಿದವು. ಯಾವುದರಲ್ಲಿ ಎಷ್ಟು ಸಾಲು ಅನ್ನುವುದು ಅವಳಿಗೆ ಬತ್ತಿಯ ಲೆಕ್ಕದಲ್ಲಿ ಗೊತ್ತು. ನಾನು ಕೆಲವೊಮ್ಮೆ ಬೇಕೆಂದೇ ಒಂದು ಸಾಲು ಹಾರಿಸುತ್ತಿದ್ದೆ. ತಟ್ಟೆ ನೋಡಿ, ‘ಒಂದು ಕಮ್ಮಿ’ ಅನ್ನುವಳು. ಅವಳು ‘ಹೂಂ, ಏಳು’ ಅಂದ ಪ್ರೋಗ್ರಾಮಿನ ಬಗ್ಗೆ ನನಗೆ ಆಮೇಲೆ ಯಾವ ಅನುಮಾನವೂ ಉಳಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಯಾವ ಮೇಷ್ಟ್ರ ಮೇಲೂ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಪರೀಕ್ಷೆಗೆ ಇನ್ನೊಂದು ವಾರ ಇತ್ತು. ಗೆಳತಿ ತನ್ನ ರೆಕಾರ್ಡಿನ ಪುಟಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದಳು. ಸುಮ್ಮನೆ ನೋಡುತ್ತಿದ್ದೆ. ಒಂಬತ್ತನೇ ಪ್ರೋಗ್ರಾಂ, ಕೆಲವು ಸಂಖ್ಯೆ ಕೊಟ್ಟರೆ ಅವುಗಳ ಮೊತ್ತ, ಸರಾಸರಿ ಮತ್ತು ಮಾನಕ ವಿಚಲನೆ ಕಂಡುಹಿಡಿಯುವುದು. ಅದರಲ್ಲಿ ಒಂದು ಸಾಲು ನನ್ನ ಪುಸ್ತಕದಲ್ಲಿ ಇರಲಿಲ್ಲ. ‘ಸಮ್ ಈಕ್ವಲ್ಸ್ ಜೀರೋ’ ಅನ್ನುವ ಸಾಲು. ಬಸ್ಸಿನಲ್ಲಿ ಬರೆಯುವಾಗ ಬಿಟ್ಟುಹೋಗಿತ್ತು. ಸಾಯಂಕಾಲ ಅದನ್ನೂ ಸೇರಿಸಿ ಒಪ್ಪಿಸಿದೆ.

ಅಜ್ಜಿಯ ಕೈ ನಿಂತಿತು.

‘ಅದಿಲ್ಲ’ ಅಂದಳು.

‘ಇದೆ ಅಜ್ಜಿ. ನಾನೇ ಬಿಟ್ಟಿದ್ದೆ.’

‘ಇಪ್ಪತ್ತೆರಡು ಸಾಲು ಇದು. ಈಗ ಇಪ್ಪತ್ಮೂರು ಬತ್ತಿ ಆಯ್ತು. ಎರಡು ತಿಂಗ್ಳಿಂದ ಇಲ್ದೇ ಇದ್ದಿದ್ದು ಇವತ್ತು ಎಲ್ಲಿಂದ ಬಂತು? ನೋಡು ಮಗಾ, ಪರೀಕ್ಷೆ ಹತ್ರ ಬಂದಾಗ ತಲೆ ಹಿಂಗೇ ಗೊಂದಲ ಆಗೋದು. ಮೊದ್ಲು ಕಲ್ತಿದ್ದನ್ನ ಕದಲಿಸ್ಬೇಡ.’

ನಾನು ಗೆಳತಿಗೆ ಫೋನ್ ಮಾಡಿದೆ. ‘ಆ ಸಾಲು ಇಲ್ದಿದ್ರೆ ಏನಾಗುತ್ತೆ?’

‘ಏನೂ ಆಗಲ್ಲ ಬಿಡು ಮಾರಾಯ್ತಿ’ ಅಂದಳು ಅವಳು, ಏನೋ ತಿನ್ನುತ್ತಾ. ‘ನೀನು ಲ್ಯಾಬಲ್ಲಿ ಓಡಿಸಿದಾಗ ಸರಿ ಬಂದಿತ್ತಲ್ಲ. ಇದ್ರೂ ಓಡುತ್ತೆ, ಇಲ್ದಿದ್ರೂ ಓಡುತ್ತೆ.’

ಅದು ನಿಜವೇ. ಲ್ಯಾಬಿನಲ್ಲಿ ಅದೇ ಪ್ರೋಗ್ರಾಂ, ಆ ಸಾಲು ಇಲ್ಲದೆ, ಸರಿಯಾದ ಉತ್ತರ ಕೊಟ್ಟಿತ್ತು. ರೆಕಾರ್ಡಿಗೆ ಸಹಿಯೂ ಬಿದ್ದಿತ್ತು. ನಾನು ಫೋನಿಟ್ಟು ಬಂದು ಮತ್ತೆ ಕೂತು, ಇಪ್ಪತ್ತೆರಡು ಸಾಲಿನದನ್ನೇ ಒಪ್ಪಿಸಿದೆ. ಅಜ್ಜಿ ಕೊನೆಯ ಬತ್ತಿ ತಟ್ಟೆಗೆ ಹಾಕಿ, ‘ಹೂಂ, ಏಳು’ ಅಂದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅಜ್ಜಿ ನನ್ನ ಹಣೆಗೆ ವಿಭೂತಿ ಹಚ್ಚಿದಳು. ಬಸ್ಸು ಶಿವಮೊಗ್ಗ ಮುಟ್ಟುವವರೆಗೂ ಒಂದರಿಂದ ಹನ್ನೆರಡು ಮನಸ್ಸಿನಲ್ಲೇ ಹೇಳಿಕೊಂಡೆ. ಲ್ಯಾಬಿನ ಬಾಗಿಲಲ್ಲಿ ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ನನಗೆ ಮಾತ್ರ ಒಂದು ಥರದ ಸಮಾಧಾನ. ಪರೀಕ್ಷಕರು ಬೇರೆ ಊರಿನ ಕಾಲೇಜಿನಿಂದ ಬಂದಿದ್ದರು, ತಲೆ ಪೂರಾ ನೆರೆತವರು, ಕನ್ನಡಕ ಮೂಗಿನ ತುದಿಗೆ. ಚೀಟಿ ಎತ್ತಿದೆ. ಒಂಬತ್ತನೆಯದು.

ಚೀಟಿ ಬೇಡವೆನಿಸಿದರೆ ಒಂದು ಸಲ ಬದಲಾಯಿಸಬಹುದಿತ್ತು. ಬರವಣಿಗೆಯ ಅಂಕ ಕಳೆದುಕೊಳ್ಳಬೇಕು, ಅಷ್ಟೇ. ನನ್ನ ಮುಂದೆ ಇಬ್ಬರು ಬದಲಾಯಿಸಿಕೊಂಡರು. ಪಾಪ ಅನಿಸಿತು ಅವರನ್ನು ನೋಡಿ.

ಹಾಳೆಯ ಮೇಲೆ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಪರೀಕ್ಷಕರು ಆಗ ಇನ್ಯಾರನ್ನೋ ಪ್ರಶ್ನೆ ಕೇಳುತ್ತಿದ್ದರು, ನನ್ನ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ, ‘ಹೋಗಿ ಓಡಿಸಿ’ ಅಂದರು. ಕಿಟಕಿ ಪಕ್ಕದ ಕಂಪ್ಯೂಟರ್ ಸಿಕ್ಕಿತು. ನಾನು ಅಭ್ಯಾಸ ಮಾಡಿದ್ದು ಬಾಗಿಲ ಬಳಿಯದರಲ್ಲಿ. ಟೈಪ್ ಮಾಡಿದೆ. ಐದು ಸಂಖ್ಯೆ ಕೊಟ್ಟೆ, ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು. ನೂರಾ ಐವತ್ತು ಬರಬೇಕಿತ್ತು.

ಪರದೆಯ ಈ ತುದಿಯಿಂದ ಆ ತುದಿಗೆ ಅಂಕೆಗಳು ಬಂದವು. ಎಣಿಸಲೂ ಆಗದಷ್ಟು.

ಎಲ್ಲೋ ತಪ್ಪು ಒತ್ತಿರಬೇಕು ಅಂತ ಮತ್ತೆ ಓಡಿಸಿದೆ. ಈ ಸಲ ಬೇರೆಯದೇ ಸಂಖ್ಯೆ, ಅದೂ ಅಷ್ಟೇ ಉದ್ದ. ಕಣ್ಣು ಮುಚ್ಚಿ ಮೊದಲ ಸಾಲಿನಿಂದ ಒಪ್ಪಿಸಿಕೊಂಡೆ. ಒಂದೊಂದೇ ಸಾಲನ್ನು ಪರದೆಯ ಮೇಲಿನದಕ್ಕೆ ತಾಳೆ ನೋಡಿದೆ. ಇಪ್ಪತ್ತೆರಡಕ್ಕೆ ಇಪ್ಪತ್ತೆರಡು. ಒಂದು ಅಕ್ಷರ ಆಚೀಚೆ ಇಲ್ಲ. ಹೀಗೆ ಮೂರು ಸಲ ಮಾಡಿದೆ. ಮೂರು ಸಲವೂ ಎಲ್ಲ ಸರಿ ಇತ್ತು, ಉತ್ತರ ಒಂದು ಬಿಟ್ಟು.

ವಾರದ ಹಿಂದಿನ ಆ ಸಾಲು ನೆನಪಾಗಲಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಆಗಲಿಲ್ಲ. ಅದನ್ನು ನಾನು ಅಷ್ಟು ಚೆನ್ನಾಗಿ ಮರೆತಿದ್ದೆ. ಬೇಡದ್ದು ಅಂತ ತೀರ್ಮಾನವಾಗಿ ಹೋಗಿದ್ದ ಸಾಲು ಅದು.

ಪರೀಕ್ಷಕರು ಬಂದು ನನ್ನ ಬೆನ್ನ ಹಿಂದೆ ನಿಂತರು. ಸ್ವಲ್ಪ ಹೊತ್ತು ನೋಡಿದರು.

‘ಏನಮ್ಮ, ಹತ್ತು ಇಪ್ಪತ್ತು ಕೊಟ್ರೆ ಕೋಟಿಗಟ್ಟಲೆ ಬರ್ತಿದೆಯಲ್ಲ. ನಮ್ಮ ಕಾಲೇಜಿಗೂ ಇಂಥದ್ದೊಂದು ಮೆಷಿನ್ ಕೊಡ್ಸಿ.’

ಆಚೆ ಕಂಪ್ಯೂಟರಿನವನು ಕಿಸಕ್ಕನೆ ನಕ್ಕ. ಪರೀಕ್ಷಕರು ದನಿ ತಗ್ಗಿಸಿದರು. ಕೆಟ್ಟವರಲ್ಲ ಅವರು.

‘ಹೆದರ್ಬೇಡಿ. ಒಂದೇ ಪ್ರಶ್ನೆ ಕೇಳ್ತೀನಿ. ಈ ಸಮ್ ಅಂತ ಇಟ್ಕೊಂಡಿದ್ದೀರಲ್ಲ, ಅದಕ್ಕೆ ಮೊದಲನೇ ಸಂಖ್ಯೆ ಕೂಡೋಕೆ ಮುಂಚೆ ಅದರೊಳಗೆ ಏನಿತ್ತು?’

ಉತ್ತರವನ್ನು ಅವರೇ ಕೈಯಲ್ಲಿಟ್ಟಂತೆ ಇತ್ತು ಪ್ರಶ್ನೆ. ಈಗ ಗೊತ್ತಾಗುತ್ತದೆ. ಆಗ ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಸಮ್’ ಅನ್ನುವುದರ ‘ಒಳಗೆ’ ಏನಾದರೂ ಇರಬಹುದು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ನನಗೆ ಅದು ಆರನೇ ಸಾಲಿನಲ್ಲಿ ಬರುವ ಒಂದು ಶಬ್ದ.

‘ಮೊದಲಿಂದ ಹೇಳ್ಲಾ ಸರ್?’ ಅಂದೆ.

‘ಏನನ್ನ?’

‘ಪ್ರೋಗ್ರಾಂನ. ಬಾಯಲ್ಲೇ ಬರುತ್ತೆ ನಂಗೆ.’

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಬೈದಿದ್ದರೆ ಮರೆತುಬಿಡುತ್ತಿದ್ದೆ. ‘ಬೇಡಮ್ಮ’ ಅಂದು, ಹಾಳೆಯ ಮೇಲೆ ಏನೋ ಗುರುತು ಹಾಕಿ, ಮುಂದಿನವರ ಹತ್ತಿರ ಹೋದರು.

ವಾಪಸ್ ಬರುವ ಬಸ್ಸಿನಲ್ಲಿ, ಊರು ದಾಟುವಷ್ಟರಲ್ಲಿ, ನೆನಪಾಯಿತು. ಸಮ್ ಈಕ್ವಲ್ಸ್ ಜೀರೋ. ಯಾಕೆ ಅಂತಲೂ ಆಗಲೇ ಅರ್ಥವಾಯಿತು. ಕಂಪ್ಯೂಟರಿನಲ್ಲಿ ಹೆಸರಿಟ್ಟ ಜಾಗ ತಾನಾಗಿ ಖಾಲಿ ಇರುವುದಿಲ್ಲ. ಮುಂಚೆ ಏನಿತ್ತೋ ಅದರ ಕಸ ಉಳಿದಿರುತ್ತದೆ. ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ಅದೃಷ್ಟಕ್ಕೆ ಸೊನ್ನೆ ಇತ್ತು. ಕಿಟಕಿ ಪಕ್ಕದ್ದರಲ್ಲಿ ಇರಲಿಲ್ಲ. ಅಷ್ಟೇ. ಒಂದು ಸಾಲು. ಅದನ್ನು ನಾನು ಸೇರಿಸಿದ್ದೆ, ತೆಗೆದೂ ಹಾಕಿದ್ದೆ.

ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆಯುವಾಗ ಅಜ್ಜಿಗೆ ಏನು ಹೇಳುವುದು ಅನ್ನುವುದೇ ತಲೆ ತುಂಬ. ಅವಳು ಗೇಟಿನಲ್ಲೇ ನಿಂತಿದ್ದಳು.

‘ಯಾವ್ದು ಬಂತು?’

‘ಒಂಬತ್ತನೇದು.’

‘ಆಯ್ತಲ್ಲ! ಅದು ನಿಂಗೆ ನೀರು ಕುಡ್ದಂಗೆ ಬರುತ್ತೆ.’ ಆಮೇಲೆ ನನ್ನ ಮುಖ ನೋಡಿದಳು. ‘ಯಾಕೆ ಕೂಸೇ?’

‘ಮೆಷಿನ್ ಕೆಟ್ಟಿತ್ತು ಅಜ್ಜಿ’ ಅಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂತು. ಅವಳನ್ನು ಉಳಿಸಲು ಹೇಳಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ ನನ್ನನ್ನು ಉಳಿಸಿಕೊಳ್ಳಲು.

ಫಲಿತಾಂಶ ಬಂದಾಗ ಐದು ಉಳಿದಿದ್ದವು. ಅಪ್ಪ ಶಿಫ್ಟ್ ಮುಗಿಸಿ ಬಂದು ಸ್ನಾನ ಮಾಡಿ, ಟವೆಲ್ ಹೆಗಲ ಮೇಲೆ ಹಾಕಿಕೊಂಡೇ ಕೇಳಿದರು, ‘ಇಲ್ಲಿ ಕಾಲೇಜಲ್ಲಿ ಅಡ್ಮಿಷನ್ ಇನ್ನೂ ನಡೀತಿದೆ. ನಾಳೆ ಹೋಗಿ ಅರ್ಜಿ ತರ್ಲಾ?’ ಬೈಗುಳವಿಲ್ಲ. ಆಡಿದ ಮಾತಿನಂತೆ ನಡೆಯುವುದಷ್ಟೇ. ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. ನಾನು ಹೂಂ ಅನ್ನಲು ಬಾಯಿ ತೆಗೆದಿದ್ದೆ.

ಅಜ್ಜಿ ಅಡ್ಡ ಬಂದಳು. ಅಪ್ಪನ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

‘ಮೆಷಿನ್ ಕೆಟ್ರೆ ಕೂಸಿನ ತಪ್ಪೇನೋ? ನಾನು ದಿನಾ ಕೂತು ಕೇಳಿದ್ದೀನಿ. ಒಂದಕ್ಷರ ಆಚೆ ಈಚೆ ಇಲ್ಲ. ನಿನ್ನ ಕಾರ್ಖಾನೇಲಿ ಮೆಷಿನ್ ಕೆಟ್ರೆ ನಿನ್ನನ್ನ ಮನೆಗೆ ಕಳಿಸ್ತಾರಾ? ಹೇಳು!’

‘ಕಳಿಸ್ತಾರಮ್ಮ’ ಅಂದರು ಅಪ್ಪ, ಸಣ್ಣಗೆ ನಕ್ಕು. ‘ಈಗ ಹಾಗೇ ಆಗಿದೆ.’

‘ಕಳಿಸಿದ್ರೆ ಅವ್ರು ತಪ್ಪು ಮಾಡ್ತಿದ್ದಾರೆ. ನೀನೂ ಮಾಡ್ಬೇಡ. ಇನ್ನೊಂದು ವರ್ಷ ಕೊಡು. ನಾನು ಹೇಳ್ತಿದ್ದೀನಿ, ಜವಾಬ್ದಾರಿ ನಂದು.’

ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ಆಯ್ತು, ಇನ್ನೊಂದು ವರ್ಷ’ ಅಂದರು. ನನ್ನ ಸುಳ್ಳಿನ ಮೇಲೆ ಅಜ್ಜಿ ತನ್ನ ಮಾತನ್ನು ಇಟ್ಟು ಆ ವರ್ಷ ತಂದುಕೊಟ್ಟಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆಯುವುದು ವಾಡಿಕೆ. ಇಳಿಯಿತು, ಎರಡು ಸಲ ಬಡಿಸಿಕೊಂಡೆ ಕೂಡ. ಅದನ್ನು ನೆನೆದರೆ ಇನ್ನೂ ನಾಚಿಕೆಯಾಗುತ್ತದೆ.

ಆ ವರ್ಷ ಕಾಲೇಜಿಗೆ ದಿನಾ ಹೋಗುವಂತಿರಲಿಲ್ಲ. ಪರೀಕ್ಷೆಗೆ ಮಾತ್ರ ಹೋಗಬೇಕು. ಗೆಳತಿ ಎರಡನೇ ವರ್ಷಕ್ಕೆ ಹೋದಳು. ಮೊದಮೊದಲು ವಾರಕ್ಕೊಮ್ಮೆ ಫೋನ್, ಆಮೇಲೆ ಹಬ್ಬಕ್ಕೊಮ್ಮೆ. ನಾನು ನಡುಮನೆಯಲ್ಲಿ ಗಣಿತದ ಪುಸ್ತಕ ಹರಡಿಕೊಂಡು ಕೂತೆ. ಈ ಸಲ ಉರು ಹೊಡೆಯಲಿಲ್ಲ. ಒಂದು ಲೆಕ್ಕಕ್ಕೆ ಒಂದು ವಾರ ಹಿಡಿದರೂ ಸರಿ, ಯಾಕೆ ಅಂತ ಗೊತ್ತಾಗುವವರೆಗೆ ಮುಂದೆ ಹೋಗಬಾರದು ಅಂತ ನಿರ್ಧಾರ ಮಾಡಿದ್ದೆ. ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು, ಓಣಿಯಲ್ಲಿ ತರಕಾರಿ ಗಾಡಿಯವನ ಕೂಗು ಬಿಟ್ಟರೆ ಸದ್ದಿಲ್ಲ, ನಾನೊಬ್ಬಳೇ ಒಂದು ಸಮೀಕರಣದ ಎದುರು ಕೂತು ಅಳುತ್ತಿದ್ದದ್ದೂ ಉಂಟು. ಪೂರ್ತಿ ಕತ್ತಲೆಗಿಂತ ಅರ್ಧ ಬೆಳಕಿನಲ್ಲಿ ಎಡವುವುದು ಹೆಚ್ಚು.

ಸಾಯಂಕಾಲ ಅಜ್ಜಿ ಕರೆಯುತ್ತಿದ್ದಳು, ‘ಬಾ, ಒಪ್ಪಿಸು.’

ಒಪ್ಪಿಸಲು ಏನೂ ಇರುತ್ತಿರಲಿಲ್ಲ. ಹಾಗಂತ ಹೇಳಲೂ ಆಗದೆ, ಓದಿದ್ದನ್ನು ಕನ್ನಡದಲ್ಲಿ ಕಥೆಯ ಹಾಗೆ ಹೇಳತೊಡಗಿದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ‘ಫಾರ್’ ಲೂಪ್ ಅನ್ನುವುದನ್ನು ಅವಳ ಜಪಸರದಿಂದ ಹೇಳಿದೆ. ಮಣಿ ತಿರುಗಿಸು, ಎಣಿಸು, ನೂರೆಂಟಾಯಿತಾ ನೋಡು, ಆಗದಿದ್ದರೆ ಮತ್ತೆ ತಿರುಗಿಸು. ‘ಅಯ್ಯೋ, ಇಷ್ಟೇನಾ!’ ಅಂದಳು ಅಜ್ಜಿ. ‘ಇದನ್ನ ಮೊದ್ಲೇ ಹೇಳಿದ್ರೆ? ನಾನು ಎರಡು ತಿಂಗಳು ಫಾರ್ ಫಾರ್ ಅಂತ ಕೇಳಿದ್ದೇ ಬಂತು.’ ಅವಳು ಪ್ರಶ್ನೆ ಕೇಳತೊಡಗಿದಳು. ಒಳ್ಳೊಳ್ಳೆ ಪ್ರಶ್ನೆಗಳು. ನೂರೆಂಟಾದ ಮೇಲೆ ನಿಲ್ಲಬೇಕು ಅಂತ ಅದಕ್ಕೆ ಹೇಳಲು ಮರೆತರೆ? ಎಣಿಕೆ ಒಂದರಿಂದಲೋ ಸೊನ್ನೆಯಿಂದಲೋ? ನನಗೆ ಗೊತ್ತಿಲ್ಲದ್ದು ಯಾವುದು ಅಂತ ಅವಳ ಪ್ರಶ್ನೆಯಿಂದಲೇ ಗೊತ್ತಾಗುತ್ತಿತ್ತು.

ಹೀಗೆ ಎಂಟು ಪ್ರೋಗ್ರಾಂ ಆದವು, ಒಂಬತ್ತನ್ನು ಹಾರಿಸಿದೆ. ಹತ್ತು, ಹನ್ನೊಂದು, ಹನ್ನೆರಡು. ಅವಳು ಬಿಡಬೇಕಲ್ಲ.

‘ಒಂಬತ್ತನೇದು ಹೇಳ್ಲೇ ಇಲ್ಲ ನೀನು. ಆ ದರಿದ್ರ ಮೆಷಿನ್ನಲ್ಲಿ ಕೆಟ್ಟಿತಲ್ಲ, ಅದು.’

‘ಅದು ಸುಲಭ ಅಜ್ಜಿ. ಬರೀ ಕೂಡೋದು.’

‘ಸುಲಭದ್ದಾದ್ರೆ ಬೇಗ ಹೇಳು.’

ಹೇಳಿದೆ. ಮೊತ್ತ ಅಂತ ಒಂದು ಡಬ್ಬ ಇಟ್ಟುಕೊಂಡ ಹಾಗೆ. ಒಂದೊಂದೇ ಸಂಖ್ಯೆ ತಂದು ಅದಕ್ಕೆ ಸುರಿಯುವುದು. ಎಲ್ಲ ಸುರಿದ ಮೇಲೆ ಡಬ್ಬದಲ್ಲಿ ಎಷ್ಟಿದೆ ಅಂತ ನೋಡುವುದು. ಮಾತು ಮುಗಿಸಿ, ಅವಳು ಅಲ್ಲಿಗೇ ಬಿಡಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

‘ಡಬ್ಬ ಮೊದ್ಲು ಖಾಲಿ ಇದೆಯೋ ಇಲ್ವೋ ನೋಡ್ಬೇಡ್ವಾ?’ ಅಂದಳು ಅಜ್ಜಿ. ‘ಹಳೇ ಅಕ್ಕಿ ತಳದಲ್ಲಿ ಉಳಿದಿದ್ರೆ ಅದೂ ಲೆಕ್ಕಕ್ಕೆ ಬರ್ತದಲ್ಲ.’

ಎಲ್ಲಿಂದೆಲ್ಲಿಗೆ. ಬೇರೆ ಊರಿಂದ ಬಂದ ಪರೀಕ್ಷಕರು ನನ್ನನ್ನು ಕೇಳಿದ್ದು ಇದನ್ನೇ. ನನಗೆ ಅರ್ಥವಾಗದ ಪ್ರಶ್ನೆಯನ್ನು ಅಜ್ಜಿ ತಾನಾಗಿ ಕೇಳಿದ್ದಳು. ಇಲ್ಲ ಅಜ್ಜಿ, ಅದು ತಾನೇ ಖಾಲಿ ಇರುತ್ತೆ ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ತುದಿಯವರೆಗೆ ಬಂತು. ಆದರೆ ಇಷ್ಟು ದಿನ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಭ್ಯಾಸವಾಗಿತ್ತು. ಆಗಲಿಲ್ಲ.

‘ನೋಡ್ಬೇಕು’ ಅಂದೆ. ‘ಅದಕ್ಕೆ ಒಂದು ಸಾಲು ಇದೆ. ಸೊನ್ನೆ ಮಾಡ್ಕೋ ಅನ್ನೋ ಸಾಲು.’

ಅವಳ ಕಿವಿ ಎಂಥದ್ದು ಅಂತ ಮೊದಲೇ ಹೇಳಿದೆನಲ್ಲ.

‘ಇಪ್ಪತ್ಮೂರನೇದು’ ಅಂದಳು.

‘ಅಜ್ಜಿ...’

‘ಜೀರೋ ಅಂತ ಬಂದಿತ್ತು ಅದ್ರಲ್ಲಿ. ನಾನೇ ಬೇಡ ಅಂದಿದ್ದು.’

‘ಬಸ್ಸಲ್ಲಿ ಬರ್ಕೊಳ್ಳೋವಾಗ ಬಿಟ್ಟಿದ್ದು ನಾನು. ನಾನು ಸರಿ ಬರ್ಕೊಂಡಿದ್ರೆ ನೀನು ಸರಿಯಾಗೇ ಕೇಳಿರ್ತಿದ್ದೆ. ನಿನ್ನ ತಪ್ಪೇನೂ ಇಲ್ಲ.’

‘ಬಿಟ್ಟಿದ್ದೂ ನೀನೇ, ಸೇರಿಸ್ಕೊಂಡಿದ್ದೂ ನೀನೇ. ಸೇರಿಸ್ಕೊಂಡಿದ್ದನ್ನ ತೆಗೆಸಿದ್ದು ನಾನು.’ ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮಗ್ಗಿ ಹೇಳುವವರ ದನಿ. ‘ಮೆಷಿನ್ ಕೆಟ್ಟಿರ್ಲಿಲ್ಲ ಹಾಗಾದ್ರೆ.’

‘ಇಲ್ಲ.’

‘ನಿಮ್ಮಪ್ಪನ ಹತ್ರ ಅಷ್ಟು ಮಾತಾಡಿದೆ ನಾನು.’

ಅರ್ಥ ಹೇಳಿಕೊಟ್ಟಿದ್ದರೆ ಆವತ್ತೇ ಅವಳು ತಪ್ಪು ಹಿಡಿಯುತ್ತಿದ್ದಳು, ಬರೀ ಶಬ್ದ ಒಪ್ಪಿಸಿ ಅವಳನ್ನು ಕಾವಲಿಗೆ ಕೂರಿಸಿದ್ದು ನಾನು. ಅದನ್ನು ಹೇಳಲು ನೋಡಿದೆ. ಅವಳು ಕೈ ಅಡ್ಡ ಮಾಡಿ, ಮಂಡಿ ಹಿಡಿದು ಎದ್ದು, ಅಡುಗೆಮನೆಗೆ ಹೋದಳು. ಅಪ್ಪ ಬಂದಾಗ ತಾನೇ ಹೇಳಿದಳು, ‘ಮೆಷಿನ್ ಸರಿಯಾಗೇ ಇತ್ತಂತೆ ಕಣೋ. ನಾನೇ ಕೆಡ್ಸಿದ್ದು.’ ಅಪ್ಪ ನನ್ನ ಮುಖ ನೋಡಿದರು. ‘ಇರ್ಲಿ ಬಿಡಮ್ಮ’ ಅಂದರು. ಕೊಟ್ಟ ವರ್ಷವನ್ನು ವಾಪಸ್ ಕೇಳಲಿಲ್ಲ.

ಮರುದಿನ ದೀಪ ಹಚ್ಚಿದ ಮೇಲೆ ನಾನೇ ಹೋಗಿ ಎದುರು ಕೂತೆ. ‘ಇವತ್ತು ತಲೆ ನೋಯ್ತಿದೆ ಮಗಾ’ ಅಂದಳು. ಅದರ ಮರುದಿನ ಮಾಮಿಯ ಮನೆಗೆ ಹೋಗಿದ್ದಳು. ಹೀಗೆ ಒಂದು ವಾರ. ಆಮೇಲೆ ಒಂದು ದಿನ ನೇರವಾಗಿಯೇ ಹೇಳಿದಳು, ‘ನಂಗೆ ಒಪ್ಪಿಸ್ಬೇಡ ಇನ್ನು. ಗೊತ್ತಿಲ್ದಿರೋದಕ್ಕೆಲ್ಲ ನಾನು ಹೂಂ ಅನ್ಬಾರ್ದು.’

ಎಷ್ಟು ಬೇಡಿದರೂ ಕೇಳಲಿಲ್ಲ. ನೀನು ಕೇಳುವ ಪ್ರಶ್ನೆಗಳಿಂದಲೇ ನನಗೆ ತಿಳಿಯುವುದು ಅಂದೆ. ಅಮ್ಮನ ಕೈಲಿ ಹೇಳಿಸಿದೆ. ‘ಮುಪ್ಪಿಗೆ ಮಾತು ಸಾಕು’ ಅನ್ನುತ್ತಿದ್ದಳು, ಅಷ್ಟೇ. ಬೆಳಗಿನ ಪೂಜೆಯಲ್ಲಿ ನಾನು ಬೇಕೆಂದೇ ಪದ ತಪ್ಪಿಸಿ ಗುನುಗಿ ನೋಡಿದೆ. ಅಜ್ಜಿ ತಿದ್ದಲಿಲ್ಲ. ತನ್ನ ಪಾಡಿಗೆ ಮುಂದೆ ಹೋದಳು.

ಆ ವರ್ಷದ ಪರೀಕ್ಷೆಗಳಿಗೆ ಯಾರಿಗೂ ಒಪ್ಪಿಸದೆ ಹೋದೆ. ಎರಡೂ ಗಣಿತ ಪಾಸಾದವು, ಹೆಚ್ಚೇನಲ್ಲ, ದಡ ಮುಟ್ಟುವಷ್ಟು. ಲ್ಯಾಬಿನಲ್ಲಿ ನಾಲ್ಕನೇ ಪ್ರೋಗ್ರಾಂ ಬಂತು. ಮಧ್ಯದಲ್ಲಿ ಒಂದು ಕಡೆ ತಪ್ಪಿತು. ಯಾಕೆ ತಪ್ಪಿತು ಅಂತ ಯೋಚಿಸಿ, ಕಂಡುಹಿಡಿದು, ಸರಿಮಾಡಿದೆ. ಪರೀಕ್ಷಕಿ ಎರಡು ಪ್ರಶ್ನೆ ಕೇಳಿ ತಲೆ ಆಡಿಸಿದರು. ಹೊರಗೆ ಬಂದವಳೇ ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿ, ವಿಷಯ ಕೇಳಿ, ಅಜ್ಜಿಯ ಕೈಗೆ ಕೊಟ್ಟಳು.

‘ಆಯ್ತು ಅಜ್ಜಿ. ಸರಿ ಬಂತು.’

‘ಆಯ್ತಾ?’ ಅಂದಳು. ಸ್ವಲ್ಪ ಬಿಟ್ಟು, ‘ಯಾರಿಗೆ ಒಪ್ಪಿಸಿದ್ದೆ?’

‘ಯಾರಿಗೂ ಇಲ್ಲ.’

‘ಒಳ್ಳೇದಾಯ್ತು’ ಅಂದಳು ಅಜ್ಜಿ.

ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಕಾಲೇಜಿನ ಗೇಟಿನ ಹತ್ತಿರ ಭದ್ರಾವತಿ ಬಸ್ಸು ಬಂದು ನಿಂತಿತು, ಕಂಡಕ್ಟರ್ ಎರಡು ಸಲ ಕೂಗಿದ, ಬಸ್ಸು ಹೋಗಿಯೂ ಬಿಟ್ಟಿತು.